ಬಸುರಿಯ ವಾಂತಿ ನೆಪವಲ್ಲ

ಕಳೆದ ತಿಂಗಳು ಬಂಧುಗಳೊಬ್ಬರ ಹೊಸ ಮನೆಯ ಗುರುಪ್ರವೇಶಕ್ಕೆಂದು ನಾವು ಸೋಲದೇವನಹಳ್ಳಿಗೆ ಹೋಗಿದ್ದೆವು. ಹೆಸರಘಟ್ಟದ ಕೆರೆಯ ನೀರನ್ನು ಬೆಂಗಳೂರಿಗೆ ಎತ್ತಿ ಕಳುಹಿಸುವ ಯಂತ್ರಾಗಾರವಿದ್ದ ಊರೆಂದು ಹಿರಿಯರ ಬಾಯಿಂದ ಕೇಳಿದ್ದ ಸೋಲದೇವನಹಳ್ಳಿ ಇಂದು ಗುರುತು ಸಿಗದಷ್ಟು ಬೆಳೆದಿದೆ. ಆಚಾರ್ಯ ವಿದ್ಯಾಸಂಸ್ಥೆಗಳ ದೊಡ್ಡ ಕಟ್ಟಡಗಳು, ವಿದ್ಯಾರ್ಥಿಗಳ ವಸತಿಗೃಹಗಳು, ಹೊಸ ಬಡಾವಣೆಗಳು ಎದ್ದು ನಿಂತಿವೆ. ಆದರೂ ಒಳಬೀದಿಗಳಿಗೆ ಹೊಕ್ಕರೆ ಅಂಗಳದ ರಂಗೋಲಿಯೂ ಹಿತ್ತಲಿನ ನುಗ್ಗೆಯ ಮರವೂ ಇನ್ನೂ ಕಣ್ಣಿಗೆ ಬೀಳುತ್ತವೆ. ಮನೆಗಳು ಹೊಸದಾಗಿವೆ, ಮನೆಯೊಳಗಿನ ಮಾತುಗಳು ಅಷ್ಟು ಬೇಗ ಹೊಸದಾಗುವುದಿಲ್ಲ ಎಂಬುದು ಆ ದಿನವೇ ನಮ್ಮ ಅನುಭವಕ್ಕೆ ಬಂದಿತು.

ಪೂಜೆ ಮುಗಿದು ಪ್ರಸಾದದ ಸಿದ್ಧತೆ ನಡೆದಿತ್ತು. ಅಡಿಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಬಿದ್ದ ಸದ್ದು ಕೇಳಿದ ಕೂಡಲೇ ಆ ಮನೆಯ ಕಿರಿಯ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿನ ಕಡೆಗೆ ಓಡಿದಳು. ನಮ್ಮ ಪಕ್ಕದಲ್ಲಿ ವೀಳ್ಯದೆಲೆ ಜೋಡಿಸುತ್ತ ಕುಳಿತಿದ್ದ ಅವಳ ಅತ್ತೆ ತಲೆ ಎತ್ತದೆಯೇ ಹೇಳಿದರು:

“ನೋಡಿ ಅಕ್ಕಾ, ಎರಡೂವರೆ ತಿಂಗಳಾಯ್ತು, ದಿನಾ ಇದೇ ಗೋಳು. ನಾವೇನು ಹೆತ್ತಿಲ್ವಾ? ನಾನು ನಾಲ್ಕು ಹೆತ್ತೆ. ಹೆರೋ ದಿನದ ತನಕ ಹೊಲದಲ್ಲಿ ಕಳೆ ಕಿತ್ತೆ. ಈಗಿನ ಹುಡುಗೀರಿಗೆ ಒಂದು ವಾಂತಿ ಆದ್ರೆ ಸಾಕು, ಹಾಸಿಗೆ ಹಿಡಿಯೋಕೆ ನೆಪ.”

ಆ ತಾಯಿ ಕೆಟ್ಟವರಲ್ಲ. ಸೊಸೆಗೆಂದು ಹುಣಸೆಹಣ್ಣಿನ ಗೊಜ್ಜು ಮಾಡಿ ತೆಗೆದಿರಿಸಿದ್ದವರೂ ಅವರೇ. ಸ್ವಲ್ಪ ಹೊತ್ತಿನ ನಂತರ ಮುಖ ತೊಳೆದುಕೊಂಡು ಬಂದ ಹುಡುಗಿಯನ್ನು ನಾವು ಹತ್ತಿರ ಕೂರಿಸಿಕೊಂಡು ನೋಡಿದೆವು. ತುಟಿ ಒಡೆದಿತ್ತು, ಕಣ್ಣು ಒಳಸೇರಿದ್ದವು, ಬಳೆಗಳು ಮುಂಗೈಯಿಂದ ಮೊಣಕೈವರೆಗೆ ಸಡಿಲವಾಗಿ ಜಾರುತ್ತಿದ್ದವು. “ನೀರಾದರೂ ನಿಲ್ಲುತ್ತದೆಯೇನಮ್ಮಾ?” ಎಂದು ಕೇಳಿದೆವು. “ನೆನ್ನೆಯಿಂದ ಅದೂ ನಿಲ್ತಿಲ್ಲ ದೊಡ್ಡಮ್ಮಾ” ಎಂದಳು. ಮೂತ್ರಕ್ಕೆ ಹೋದದ್ದು ಹಿಂದಿನ ರಾತ್ರಿಯಿಂದ ಒಂದೇ ಬಾರಿ, ಅದೂ ಕಡು ಹಳದಿ ಬಣ್ಣ ಎಂದು ಮೆಲ್ಲಗೆ ಹೇಳಿದಳು. ನಾವು ಅವಳ ಗಂಡನನ್ನು ಪಕ್ಕಕ್ಕೆ ಕರೆದು, ಊಟಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯುವಂತೆ ತಿಳಿಸಿದೆವು. ಮೂರು ದಿನ ರಕ್ತನಾಳದ ಮೂಲಕ ದ್ರವ ಕೊಟ್ಟು ಆರೈಕೆ ಮಾಡಿದ ಮೇಲೆ ಹುಡುಗಿ ಚೇತರಿಸಿಕೊಂಡು ಮನೆಗೆ ಬಂದಳು.

ನಾಲ್ಕು ಮಕ್ಕಳನ್ನು ಹೆತ್ತ ಅತ್ತೆಗೆ ಒಂದು ದಿನವೂ ಆಗದ ಸಂಕಟ ಸೊಸೆಗೆ ಏಕಾಯಿತು? ಅತ್ತೆಯ ಮಾತು ಸುಳ್ಳಲ್ಲ, ಸೊಸೆಯ ಸಂಕಟವೂ ಸುಳ್ಳಲ್ಲ. ಹಾಗಾದರೆ ನಿಜವೆಲ್ಲಿದೆ? ಈ ತಿಂಗಳು ನಮ್ಮ ಸೋದರಿಯರೊಂದಿಗೆ, ಅದರಲ್ಲಿಯೂ ಅತ್ತೆಯರಾಗಿರುವ ನಮ್ಮ ವಯಸ್ಸಿನವರೊಂದಿಗೆ, ಈ ವಿಚಾರವನ್ನು ಕುರಿತು ಮಾತನಾಡಬೇಕೆನಿಸಿದೆ.

ಬೆಳಗಿಗೆ ಮಾತ್ರ ಸೀಮಿತವಲ್ಲ

ಬಸುರಿನ ಮೊದಲ ತಿಂಗಳುಗಳ ಓಕರಿಕೆ, ವಾಂತಿ ನಮ್ಮ ಪೂರ್ವಿಕರಿಗೆ ಹೊಸದೇನೂ ಅಲ್ಲ. ಚರಕಸಂಹಿತೆಯು ಗರ್ಭ ನಿಂತ ಚಿಹ್ನೆಗಳನ್ನು ಹೇಳುವಾಗ ಮುಟ್ಟು ನಿಲ್ಲುವುದು, ಬಾಯಲ್ಲಿ ನೀರೂರುವುದು, ಅನ್ನ ಬೇಡವೆನಿಸುವುದು, ವಾಂತಿ, ಅರುಚಿ, ಹುಳಿಯ ಆಸೆ ಇವುಗಳನ್ನು ಸಾಲಾಗಿ ಹೇಳಿದೆ. ಬಸುರಿಯಲ್ಲಿ ಎರಡು ಹೃದಯಗಳಿರುವುದರಿಂದ ಅವಳನ್ನು ‘ದೌಹೃದಿನಿ’ ಎಂದು ಕರೆದ ಆಯುರ್ವೇದವು ಅವಳ ಬಯಕೆಯನ್ನು ಕಡೆಗಣಿಸಬಾರದೆಂದೂ ಹೇಳಿತು. ಬಸುರಿಯ ಬಯಕೆಯ ಬಗ್ಗೆ ನಮ್ಮ ಹೆಣ್ಣುಮಕ್ಕಳು ಕಟ್ಟಿದ ಹಾಡುಗಳಿಗೆ ಲೆಕ್ಕವಿಲ್ಲ. ಬಯಕೆಯನ್ನು ಹಾಡಿ ಹೊಗಳುವ ನಾವು ಅದರ ಜೊತೆಯಲ್ಲಿಯೇ ಬರುವ ವಾಂತಿಯನ್ನು ಮಾತ್ರ ನೆಪವೆಂದು ತಳ್ಳಿಹಾಕುವುದು ವಿಚಿತ್ರವಲ್ಲವೇ?

ಇಂಗ್ಲಿಷಿನವರು ಇದನ್ನು ‘ಬೆಳಗಿನ ಬೇನೆ’ ಎಂಬ ಅರ್ಥದ ಹೆಸರಿನಿಂದ ಕರೆದರು. ಆ ಹೆಸರು ದಾರಿ ತಪ್ಪಿಸುತ್ತದೆ. ರಾತ್ರಿಯೆಲ್ಲ ಬರಿದಾದ ಹೊಟ್ಟೆಯಿಂದಾಗಿ ಬೆಳಿಗ್ಗೆ ಏಳುವಾಗ ಓಕರಿಕೆ ಹೆಚ್ಚಾಗುವುದು ನಿಜ. ಆದರೆ ಬಹುಮಂದಿಗೆ ಅದು ಹಗಲೆಲ್ಲ ಬಂದುಹೋಗುತ್ತಿರುತ್ತದೆ, ಕೆಲವರಿಗೆ ಸಂಜೆಯಲ್ಲಿಯೇ ಹೆಚ್ಚು. ಆದುದರಿಂದ “ಈಗ ಮಧ್ಯಾಹ್ನವಾಯಿತಲ್ಲ, ಇನ್ನೇನು ವಾಂತಿ?” ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಹತ್ತು ಬಸುರಿಯರಲ್ಲಿ ಏಳೆಂಟು ಮಂದಿಗೆ ಓಕರಿಕೆಯಾಗಲಿ ವಾಂತಿಯಾಗಲಿ ಸ್ವಲ್ಪವಾದರೂ ಇದ್ದೇ ಇರುತ್ತದೆ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಸಾಮಾನ್ಯವಾಗಿ 4ರಿಂದ 6ನೇ ವಾರದಲ್ಲಿ ಇದು ಆರಂಭವಾಗಿ, 9ನೇ ವಾರದ ಸುಮಾರಿಗೆ ಉಲ್ಬಣಿಸಿ, ನಾಲ್ಕನೆಯ ತಿಂಗಳ ಹೊತ್ತಿಗೆ ಇಳಿಯುತ್ತ ಬರುತ್ತದೆ. ಹೆಚ್ಚಿನವರಿಗೆ 20ನೇ ವಾರದೊಳಗೆ ಪೂರ್ಣವಾಗಿ ನಿಲ್ಲುತ್ತದೆ. ಆದರೆ ನೂರರಲ್ಲಿ ಒಬ್ಬಿಬ್ಬರಿಗೆ ಇದು ಅತಿವಾಂತಿಯ ರೂಪ ತಾಳುತ್ತದೆ. ಅನ್ನ ನೀರು ನಿಲ್ಲದೆ ದೇಹದ ತೂಕದ ನೂರಕ್ಕೆ ಐದು ಭಾಗಕ್ಕಿಂತ ಹೆಚ್ಚು, ಅಂದರೆ 50 ಕಿಲೋ ತೂಗುವವಳು ಎರಡೂವರೆ ಕಿಲೋಗಿಂತ ಹೆಚ್ಚು ಇಳಿದುಹೋದರೆ, ಅದು ಕೇವಲ ಬಸುರಿನ ಲಕ್ಷಣವಲ್ಲ, ಚಿಕಿತ್ಸೆ ಬೇಕಾದ ಕಾಯಿಲೆ. ಸೋಲದೇವನಹಳ್ಳಿಯ ಹುಡುಗಿಗೆ ಆದುದು ಇದೇ.

ಕಾರಣವೇನು?

ಬಹಳ ಕಾಲ ಇದರ ಕಾರಣ ಯಾರಿಗೂ ಸ್ಪಷ್ಟವಾಗಿ ತಿಳಿದಿರಲಿಲ್ಲ. ಕಾರಣ ತಿಳಿಯದಿದ್ದಾಗ ತಪ್ಪನ್ನು ರೋಗಿಯ ಮೇಲೆಯೇ ಹೊರಿಸುವುದು ಎಲ್ಲ ದೇಶಗಳಲ್ಲಿಯೂ ನಡೆದುಬಂದ ಕ್ರಮ. 20ನೇ ಶತಮಾನದ ಮೊದಲ ಭಾಗದಲ್ಲಿ ಪಾಶ್ಚಾತ್ಯ ವೈದ್ಯರಲ್ಲಿಯೇ ಕೆಲವರು, ಬಸುರನ್ನು ಮನಸ್ಸು ಒಪ್ಪದ ಹೆಂಗಸಿಗೆ ಹೀಗಾಗುತ್ತದೆಂದು ಬರೆದರು. ಅದಕ್ಕೂ ಮೊದಲು, 1855ರ ಮಾರ್ಚ್ 31ರಂದು, ಇಂಗ್ಲೆಂಡಿನ ಪ್ರಸಿದ್ಧ ಕಾದಂಬರಿಕಾರ್ತಿ ಶಾರ್ಲೆಟ್ ಬ್ರಾಂಟೆ ತನ್ನ 38ನೇ ವಯಸ್ಸಿನಲ್ಲಿ ಬಸುರಿಯಾಗಿರುವಾಗಲೇ ತೀರಿಕೊಂಡಳು. ಅತಿವಾಂತಿಯೇ ಅದಕ್ಕೆ ಕಾರಣವಾಗಿರಬೇಕೆಂದು ಈಚಿನ ಅನೇಕರು ಭಾವಿಸುತ್ತಾರೆ.

ಅಮೆರಿಕದ ಮಾರ್ಲೀನಾ ಫೇಜೋ ಎಂಬ ವಿಜ್ಞಾನಿಯ ಕಥೆ ನಮ್ಮ ಕಾಲದ್ದು. 1999ರಲ್ಲಿ ಎರಡನೆಯ ಬಾರಿ ಬಸುರಿಯಾದಾಗ ಆಕೆಗೆ ಅಲುಗಾಡಲೂ ಆಗದಂತಹ ವಾಂತಿ ಹಿಡಿಯಿತು. ನೋಡಿದ ವೈದ್ಯರೇ, ಮನೆಯವರ ಗಮನ ಸೆಳೆಯಲು ಹೀಗೆ ಮಾಡುತ್ತಿದ್ದೀರಿ ಎಂಬರ್ಥದ ಮಾತನಾಡಿದರಂತೆ. 15ನೇ ವಾರದಲ್ಲಿ ಆಕೆ ಮಗುವನ್ನು ಕಳೆದುಕೊಂಡರು. ಸೋಲದೇವನಹಳ್ಳಿಯ ಅತ್ತೆ “ನೆಪ” ಎಂದದ್ದಕ್ಕೂ ಅಮೆರಿಕದ ಆ ವೈದ್ಯರು ಆಡಿದ ಮಾತಿಗೂ ಎಷ್ಟು ವ್ಯತ್ಯಾಸವಿದೆ, ನೀವೇ ಹೇಳಿ! ಫೇಜೋ ಅವರು ಮಾತ್ರ ಆ ನೋವನ್ನು ಅಷ್ಟಕ್ಕೆ ಬಿಡಲಿಲ್ಲ. ಅನುವಂಶೀಯತೆಯ ಶಾಸ್ತ್ರವನ್ನು ಬಲ್ಲ ಆಕೆ ಇದರ ಮೂಲವನ್ನು ಹುಡುಕುವುದನ್ನೇ ಕಾಯಕ ಮಾಡಿಕೊಂಡರು. 2018ರಲ್ಲಿ ಆಕೆಯ ತಂಡವು ಒಂದು ವಂಶವಾಹಿಯ ಕಡೆಗೆ ಬೆರಳು ತೋರಿಸಿತು. 2023ರ ಡಿಸೆಂಬರಿನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸ್ಟೀಫನ್ ಓರಾಹಿಲಿ ಮೊದಲಾದವರೊಡನೆ ಸೇರಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಚಿತ್ರ ಸಾಕಷ್ಟು ತಿಳಿಯಾಯಿತು.

ಅವರು ಕಂಡುಕೊಂಡುದನ್ನು ಸರಳವಾಗಿ ಹೀಗೆ ಹೇಳಬಹುದು. ಜಿ.ಡಿ.ಎಫ್.-15 ಎಂಬ ಹಾರ್ಮೋನು ಎಲ್ಲರ ದೇಹದಲ್ಲಿಯೂ ಸ್ವಲ್ಪ ಪ್ರಮಾಣದಲ್ಲಿರುತ್ತದೆ. ಗಂಡಸರಲ್ಲಿಯೂ ಇರುತ್ತದೆ. ದೇಹದ ಜೀವಕೋಶಗಳಿಗೆ ತೊಂದರೆಯಾದಾಗ ಅದು ಹೆಚ್ಚುತ್ತದೆ. ಮೆದುಳಿನ ಬುಡದಲ್ಲಿ, ವಾಂತಿಯನ್ನು ನಿಯಂತ್ರಿಸುವ ಭಾಗದಲ್ಲಿ, ಈ ಹಾರ್ಮೋನನ್ನು ಗುರುತಿಸುವ ವ್ಯವಸ್ಥೆಯಿದೆಯೆಂಬುದು 2017ರಲ್ಲಿ ತಿಳಿದುಬಂದಿತ್ತು. ಹೆಂಗಸು ಬಸುರಿಯಾದಾಗ ಬೆಳೆಯುವ ಮಗು ಮತ್ತು ಮಾಸು ಈ ಹಾರ್ಮೋನನ್ನು ಬಹಳವಾಗಿ ತಯಾರಿಸಿ ತಾಯಿಯ ರಕ್ತಕ್ಕೆ ಬಿಡುತ್ತವೆ. ಅದು ಮೆದುಳಿಗೆ ತಲುಪಿದಾಗ ಓಕರಿಕೆಯೂ ಅರುಚಿಯೂ ಉಂಟಾಗುತ್ತವೆ. ಬಸುರಿನ ಕಾಲದ ಬೇರೆ ಹಾರ್ಮೋನುಗಳ ಪಾತ್ರವೂ ಇರಬಹುದೆಂದು ಮೊದಲಿನಿಂದಲೂ ಹೇಳುತ್ತ ಬಂದಿದ್ದಾರೆ. ಆದರೆ ಅತಿವಾಂತಿಗೆ ಮುಖ್ಯ ಕಾರಣವೆಂದು ಇಂದು ಕಾಣುತ್ತಿರುವುದು ಇದು.

ಎಲ್ಲ ಬಸುರಿಯರಲ್ಲಿಯೂ ಈ ಹಾರ್ಮೋನು ಏರುವುದಾದರೆ ಕೆಲವರಿಗೆ ಮಾತ್ರ ಏಕೆ ಇಷ್ಟು ಸಂಕಟ? ಇಲ್ಲಿಯೇ ಇರುವುದು ಈ ಸಂಶೋಧನೆಯ ಸ್ವಾರಸ್ಯ. ನಮ್ಮ ಅಡಿಗೆಮನೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಚಿಕ್ಕಂದಿನಿಂದ ಖಾರ ಉಂಡು ಬೆಳೆದವನ ಮುಂದೆ ಒಂದು ಬಟ್ಟಲು ಖಾರದ ಸಾರು ಇಟ್ಟರೆ ಸುಮ್ಮನೆ ಉಣ್ಣುತ್ತಾನೆ. ಖಾರವನ್ನೇ ಕಾಣದವನಿಗೆ ಅದೇ ಸಾರು ಬಡಿಸಿದರೆ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುತ್ತದೆ. ಸಾರು ಒಂದೇ, ನಾಲಿಗೆಯ ಅಭ್ಯಾಸ ಬೇರೆ. ಹಾಗೆಯೇ ಬಸುರಿಗೆ ಮೊದಲು ಯಾರ ರಕ್ತದಲ್ಲಿ ಈ ಹಾರ್ಮೋನು ತೀರ ಕಡಿಮೆ ಇರುತ್ತದೆಯೋ ಅವರ ದೇಹಕ್ಕೆ ಅದರ ಅಭ್ಯಾಸವಿರುವುದಿಲ್ಲ. ಮಗುವಿನಿಂದ ಅದು ಒಮ್ಮೆಲೇ ನುಗ್ಗಿ ಬಂದಾಗ ತಾಳಲಾರದೆ ಹೋಗುತ್ತಾರೆ. ಮೊದಲಿನಿಂದಲೂ ಹೆಚ್ಚಾಗಿ ಇರುವವರು ಅದನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯವರಲ್ಲಿ ಈ ಹಾರ್ಮೋನು ಯಾವಾಗಲೂ ಬಹಳ ಹೆಚ್ಚಿರುತ್ತದೆ. ನೆರೆಯ ಶ್ರೀಲಂಕಾದಲ್ಲಿ ಅಂತಹ ತಾಯಂದಿರನ್ನು ವಿಚಾರಿಸಿದಾಗ ಅವರಿಗೆ ಬಸುರಿನ ವಾಂತಿ ಬಹಳ ಕಡಿಮೆಯಿತ್ತೆಂದು ತಿಳಿದುಬಂದುದು ಈ ವಿವರಣೆಗೆ ಒಳ್ಳೆಯ ಸಾಕ್ಷಿಯಾಯಿತು.

ಅತ್ತೆ ಸೊಸೆಗೆ ಅಳತೆಗೋಲಲ್ಲ

ಬಸುರಿಗೆ ಮೊದಲು ಈ ಹಾರ್ಮೋನು ಎಷ್ಟಿರಬೇಕೆಂಬುದನ್ನು ನಿರ್ಧರಿಸುವುದರಲ್ಲಿ ಹುಟ್ಟಿನಿಂದ ಬಂದ ಗುಣವೂ ಸೇರಿದೆ. ಆದುದರಿಂದಲೇ ಈ ತೊಂದರೆ ತಾಯಿಯಿಂದ ಮಗಳಿಗೆ, ಅಕ್ಕನಂತೆ ತಂಗಿಗೆ ಬರುವುದುಂಟು. ನಾರ್ವೆ ದೇಶದಲ್ಲಿ ತಲೆಮಾರುಗಳ ಹೆರಿಗೆಯ ದಾಖಲೆಗಳನ್ನು ಕೂಡಿಸಿ ನೋಡಿ 2010ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ತನ್ನನ್ನು ಹೊತ್ತಾಗ ತಾಯಿಗೆ ಅತಿವಾಂತಿಯಾಗಿದ್ದರೆ ಆ ಮಗಳಿಗೂ ಅದು ಬರುವ ಸಂಭವ ಇತರರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಎಂದು ಅದರಲ್ಲಿ ಕಂಡುಬಂದಿತು. ಆದರೆ ಅಂತಹ ತಾಯಿಯ ಮಗನನ್ನು ಕೈಹಿಡಿದ ಹೆಂಡತಿಗೆ ಆ ಸಂಭವವೇನೂ ಹೆಚ್ಚಿರಲಿಲ್ಲ.

ಇದರ ಅರ್ಥವನ್ನು ನಮ್ಮ ಅತ್ತೆಯರು ಸ್ವಲ್ಪ ಯೋಚಿಸಬೇಕು. ಸೊಸೆಯ ಬಸುರನ್ನು ಅಳೆಯಲು ನಾವು ಸದಾ ಹಿಡಿಯುವ ಕೋಲು ನಮ್ಮ ಸ್ವಂತ ಬಸುರು. ಆದರೆ ಈ ವಿಷಯದಲ್ಲಿ ಇಡೀ ಬಂಧುಬಳಗದಲ್ಲಿ ಅತ್ಯಂತ ನಿರುಪಯುಕ್ತವಾದ ಅಳತೆಗೋಲು ಅದೇ! ಸೋದರಸಂಬಂಧದಲ್ಲಿ ತಂದುಕೊಂಡ ಸೊಸೆಯಾದರೆ ರಕ್ತದ ನಂಟಿನ ಮಾತು ಬೇರೆ; ಇಲ್ಲವಾದರೆ ಅವಳ ದೇಹದ ಸ್ವಭಾವ ಅವಳ ತಾಯಿಯ ಮನೆಯಿಂದ ಬಂದುದೇ ಹೊರತು ನಮ್ಮ ಮನೆಯಿಂದಲ್ಲ. “ನಾವೇನು ಹೆತ್ತಿಲ್ಲವೇ?” ಎಂದು ಕೇಳುವುದಕ್ಕೆ ಬದಲು “ನಿಮ್ಮ ಅಮ್ಮನಿಗೂ ನಿನ್ನ ಹೊತ್ತಾಗ ಹೀಗಾಗಿತ್ತೇನಮ್ಮಾ?” ಎಂದು ಕೇಳಿದರೆ ಅದು ಪ್ರಯೋಜನಕ್ಕೆ ಬರುವ ಪ್ರಶ್ನೆ. ಹೌದೆಂದರೆ ಮೊದಲ ವಾರದಿಂದಲೇ ಎಚ್ಚರವಾಗಿರಬಹುದು.

ಇನ್ನೊಂದು ಮಾತು. ಹಾರ್ಮೋನು ಬರುವುದು ಬಹುಪಾಲು ಮಗುವಿನ ಕಡೆಯಿಂದಾದುದರಿಂದ ಒಂದೇ ತಾಯಿಗೆ ಒಂದು ಬಸುರು ಇದ್ದಂತೆ ಇನ್ನೊಂದು ಇರಬೇಕಾಗಿಲ್ಲ. ಅವಳಿ ಮಕ್ಕಳಿದ್ದಾಗ ವಾಂತಿ ಹೆಚ್ಚಾಗುವುದುಂಟು. ವಾಂತಿಯನ್ನು ನೋಡಿ ಹುಟ್ಟುವುದು ಗಂಡೋ ಹೆಣ್ಣೋ ಎಂದು ಹೇಳುವುದಂತೂ ಆಗದ ಮಾತು. ಆ ಎಣಿಕೆಯನ್ನು ನಮ್ಮ ಮನೆಗಳು ಬಿಟ್ಟರೆ ಒಳಿತು.

ಹಾಗೆಯೇ ಭಯವೂ ಬೇಡ. ಮೊದಲ ಮೂರು ತಿಂಗಳಲ್ಲಿ ಮಗುವಿಗೆ ಬೇಕಾದ ಆಹಾರ ಬಹಳ ಸ್ವಲ್ಪ. ತಾಯಿಯ ಮೈಯಲ್ಲಿರುವ ಸಂಗ್ರಹದಿಂದ ಅದು ನಡೆಯುತ್ತದೆ. ಸಾಧಾರಣ ವಾಂತಿಯಿಂದ ಮಗುವಿಗೆ ಕೇಡಿಲ್ಲ. ಮೊದಲು ಒಂದೆರಡು ಬಾರಿ ಗರ್ಭಪಾತವಾಗಿದ್ದ ಹೆಂಗಸರನ್ನು ಕುರಿತು ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಓಕರಿಕೆ ಇದ್ದವರಲ್ಲಿ ಗರ್ಭ ಕಳೆದುಹೋಗುವುದು ಕಡಿಮೆಯೆಂದೇ ಕಂಡುಬಂದಿತು. ಹಾಗೆಂದು ವಾಂತಿಯೇ ಇಲ್ಲದವರು ಗಾಬರಿಗೊಳ್ಳಬೇಕಾಗಿಲ್ಲ. ಸೋಲದೇವನಹಳ್ಳಿಯ ಅತ್ತೆಯವರ ನಾಲ್ಕೂ ಮಕ್ಕಳು ಗಟ್ಟಿಮುಟ್ಟಾಗಿದ್ದಾರೆ.

ಮಾತ್ರೆಯ ಭಯ

“ಬಸುರಿಯಲ್ಲಿ ಮಾತ್ರೆ ಮುಟ್ಟಬಾರದು” ಎಂಬ ಮಾತು ಮನೆಮನೆಯಲ್ಲಿದೆ. ಈ ಭಯಕ್ಕೆ ನಿಜವಾದ ಒಂದು ಕಾರಣವಿತ್ತು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೋಮೈಡ್ ಎಂಬ ಮಾತ್ರೆ ಮಾರಾಟಕ್ಕೆ ಬಂದಿತು. ಬಸುರಿಯರ ಓಕರಿಕೆಗೂ ಅದನ್ನು ಧಾರಾಳವಾಗಿ ಕೊಟ್ಟರು. ಕೈಕಾಲುಗಳು ಬೆಳೆಯದ ಮಕ್ಕಳು ಹುಟ್ಟತೊಡಗಿದಾಗ 1961ರ ಕೊನೆಯಲ್ಲಿ ಅದನ್ನು ಅಲ್ಲಿ ಹಿಂತೆಗೆದುಕೊಂಡರು. ಅಷ್ಟರಲ್ಲಿ ಅನೇಕ ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಅದಕ್ಕೆ ಬಲಿಯಾಗಿದ್ದರು. ಸಾಕ್ಷ್ಯ ಸಾಲದೆಂದು ಅನುಮತಿ ಕೊಡದೆ ತಡೆಹಿಡಿದ ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳಾ ಅಧಿಕಾರಿಯ ದೃಢತೆಯಿಂದ ಅಮೆರಿಕ ದೇಶ ಬಹುಮಟ್ಟಿಗೆ ಪಾರಾಯಿತು.

ಆದರೆ ಭಯವೂ ಮಿತಿ ಮೀರಬಾರದು. ಡಾಕ್ಸಿಲಮಿನ್ ಮತ್ತು ಬಿ-6 ಜೀವಸತ್ವ ಕೂಡಿದ ಔಷಧಿಯ ಮೇಲೂ ಅಮೆರಿಕದಲ್ಲಿ ಇಂತಹುದೇ ಆರೋಪ ಬಂದು, ನ್ಯಾಯಾಲಯದ ವ್ಯಾಜ್ಯಗಳಿಂದಾಗಿ 1983ರಲ್ಲಿ ತಯಾರಕರು ಅದನ್ನು ನಿಲ್ಲಿಸಿದರು. ದೀರ್ಘಕಾಲ ಪರೀಕ್ಷಿಸಿದರೂ ಮಕ್ಕಳಿಗೆ ಅದರಿಂದ ಕೇಡಾದುದು ಕಾಣಲಿಲ್ಲ; 2013ರಲ್ಲಿ ಅಲ್ಲಿಯ ಸರ್ಕಾರ ಅದೇ ಜೋಡಿ ಔಷಧಿಗೆ ಮತ್ತೆ ಒಪ್ಪಿಗೆ ಕೊಟ್ಟಿತು. ನಮ್ಮ ದೇಶದ ವೈದ್ಯರೂ ಅದನ್ನು ಬರೆದುಕೊಡುತ್ತಾರೆ. ಆದುದರಿಂದ ಎರಡು ಎಚ್ಚರಿಕೆಗಳು. ಅಂಗಡಿಯಲ್ಲಿ ಕೇಳಿ ನಾವಾಗಿಯೇ ಮಾತ್ರೆ ನುಂಗಬಾರದು. ವೈದ್ಯರು ಬಸುರೆಂದು ತಿಳಿದೇ ಬರೆದುಕೊಟ್ಟ ಮಾತ್ರೆಯನ್ನು ನೆರೆಯವರ ಮಾತು ಕೇಳಿ ಎಸೆಯಲೂ ಬಾರದು.

ಮನೆಯಲ್ಲಿ ಮಾಡಬೇಕಾದುದು

ಮುಖ್ಯವಾದ ಸೂತ್ರವೆಂದರೆ ಹೊಟ್ಟೆ ಬರಿದಾಗಲೂ ಬಾರದು, ಬಿರಿಯಲೂ ಬಾರದು. ಮೂರು ಹೊತ್ತಿನ ಊಟವನ್ನು ಆರೇಳು ಸಲ ಸ್ವಲ್ಪ ಸ್ವಲ್ಪವಾಗಿ ಹಂಚಿಕೊಳ್ಳಬೇಕು. ರಾತ್ರಿ ಮಲಗುವಾಗ ತಲೆಯ ಬಳಿ ಒಂದು ಡಬ್ಬಿಯಲ್ಲಿ ಪುರಿಯನ್ನೋ ಅರಳನ್ನೋ ರಸ್ಕನ್ನೋ ಇಟ್ಟುಕೊಂಡು, ಬೆಳಿಗ್ಗೆ ಏಳುವ ಮೊದಲೇ ಎರಡು ತುತ್ತು ತಿಂದು, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ನಿಧಾನವಾಗಿ ಏಳಬೇಕು.

ಇಲ್ಲಿ ನಮ್ಮ ಮನೆಗಳಲ್ಲಿ ಒಂದು ತೊಡಕು ಬರುತ್ತದೆ. ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ಹನಿ ನೀರನ್ನೂ ಬಾಯಿಗೆ ಹಾಕಬಾರದೆಂಬ ನಿಯಮವನ್ನು ಅನೇಕ ಮನೆತನಗಳು ಶ್ರದ್ಧೆಯಿಂದ ಪಾಲಿಸುತ್ತವೆ. ಆ ಶ್ರದ್ಧೆ ದೊಡ್ಡದು. ಆದರೆ ಬರಿಹೊಟ್ಟೆಯಲ್ಲಿ ತಣ್ಣೀರೋ ಬಿಸಿನೀರೋ ಸುರಿದುಕೊಂಡು ಪೂಜೆಗೆ ಕುಳಿತ ಹುಡುಗಿ ವಿಭೂತಿಯ ವಾಸನೆಗೂ ಊದುಬತ್ತಿಯ ಹೊಗೆಗೂ ಓಕರಿಸುತ್ತ ಎದ್ದು ಓಡುವುದನ್ನು ನಾವು ಕಂಡಿದ್ದೇವೆ. ಹೆರಿಗೆಯ ಸೂತಕವನ್ನಾಗಲಿ ಮುಟ್ಟಿನ ಸೂತಕವನ್ನಾಗಲಿ ಒಪ್ಪದ ಶರಣರ ಧರ್ಮ ನಮ್ಮದು. ಹೆಣ್ಣಿನ ದೇಹದ ಸಹಜ ಸ್ಥಿತಿಗೆ ಅಷ್ಟು ಗೌರವ ಕೊಟ್ಟ ಧರ್ಮ ಬಸುರಿಯ ಎರಡು ತುತ್ತು ಅರಳಿಗೆ ಅಡ್ಡ ಬರುವುದೇ? ಕೈಯಲ್ಲಿ ಹಿಡಿದುದನ್ನು ಮನದಲ್ಲಿಯೇ ಲಿಂಗಕ್ಕೆ ಅರ್ಪಿಸಿ ತಿನ್ನಲಿ. ಹೊಟ್ಟೆ ನೆಲೆಗೊಂಡ ಮೇಲೆ ಸ್ನಾನ ಪೂಜೆ ನಡೆಯಲಿ. ಶ್ರಾವಣ ಸೋಮವಾರದ ಉಪವಾಸ ಶಿವರಾತ್ರಿಯ ಉಪವಾಸಗಳನ್ನೂ ಈ ತಿಂಗಳುಗಳಲ್ಲಿ ಅವಳಿಗೆ ಹೇಳಬಾರದು. ಈ ಮಾತನ್ನು ಸೊಸೆ ತಾನಾಗಿ ಹೇಳಲಾರಳು. ಮನೆಯ ಹಿರಿಯ ಹೆಂಗಸೇ ಬಾಯಿಬಿಟ್ಟು ಹೇಳಬೇಕು.

ಆಹಾರದಲ್ಲಿ ಇಂಥದೇ ಆಗಬೇಕೆಂಬ ಹಟ ಬೇಡ. ಗಂಜಿ, ಮಜ್ಜಿಗೆ ಅನ್ನ, ತೆಳ್ಳಗಿನ ರಾಗಿ ಅಂಬಲಿ, ಇಡ್ಲಿ, ಬಾಳೆಹಣ್ಣು, ಯಾವುದು ನಿಲ್ಲುತ್ತದೆಯೋ ಅದು ಆ ಹೊತ್ತಿನ ಒಳ್ಳೆಯ ಆಹಾರ. ಎಣ್ಣೆಯಲ್ಲಿ ಕರಿದುದು, ಮಸಾಲೆ, ಬರಿಹೊಟ್ಟೆಯ ಕಾಫಿ ಟೀ ಹಲವರಿಗೆ ಆಗುವುದಿಲ್ಲ. ಬಿಸಿ ಅಡಿಗೆಯ ವಾಸನೆ ಆಗದವರಿಗೆ ಆರಿದ ಊಟವೇ ಹಿತ. ಶುಂಠಿ ಓಕರಿಕೆಯನ್ನು ಕಡಿಮೆ ಮಾಡುವುದೆಂದು ಪರೀಕ್ಷೆಗಳಲ್ಲಿಯೂ ಕಂಡಿದೆ. ಅಡಿಗೆಯಲ್ಲಿ ಬಳಸುವ ಪ್ರಮಾಣದಲ್ಲಿ ಅದನ್ನು ಕೊಡಬಹುದು. ನೀರನ್ನು ಊಟದ ಜೊತೆಗೆ ಲೋಟ ತುಂಬ ಕುಡಿಯದೆ ನಡುನಡುವೆ ಗುಟುಕು ಗುಟುಕಾಗಿ ಕುಡಿಯಬೇಕು. ನಿಂಬೆಹಣ್ಣಿನ ಪಾನಕ, ಎಳನೀರು, ಉಪ್ಪು ಹಾಕಿದ ಮಜ್ಜಿಗೆ, ಓ.ಆರ್.ಎಸ್. ದ್ರವ ಇವೆಲ್ಲ ಒಳ್ಳೆಯವು. ವಾಂತಿಯಾದ ಕೂಡಲೇ ಹಲ್ಲುಜ್ಜಿದರೆ ಆಮ್ಲ ಹತ್ತಿದ ಹಲ್ಲು ಸವೆಯುತ್ತದೆ. ಬರೀ ನೀರಿನಿಂದ ಬಾಯಿ ಮುಕ್ಕಳಿಸಿದರೆ ಸಾಕು.

ಕಬ್ಬಿಣದ ಮಾತ್ರೆಯಿಂದ ಕೆಲವರಿಗೆ ಓಕರಿಕೆ ಹೆಚ್ಚುತ್ತದೆ. ಸರ್ಕಾರದ ಕ್ರಮದಲ್ಲಿಯೂ ಮೊದಲ ಮೂರು ತಿಂಗಳು ಫೋಲಿಕ್ ಆಮ್ಲವನ್ನು ಮಾತ್ರ ಕೊಟ್ಟು, ಕಬ್ಬಿಣದ ಮಾತ್ರೆಯನ್ನು ನಾಲ್ಕನೆಯ ತಿಂಗಳಿನಿಂದ ಆರಂಭಿಸುತ್ತಾರೆ. ಆಗ ಅದನ್ನು ತಪ್ಪಿಸಬಾರದು. ಬಸುರಿಯು ಮಣ್ಣು, ಬಳಪ, ವಿಭೂತಿಯ ಗಟ್ಟಿಯನ್ನು ಕದ್ದು ತಿನ್ನುತ್ತಿದ್ದರೆ ಅದನ್ನು ಬಯಕೆಯೆಂದು ನಕ್ಕು ಬಿಡದೆ ರಕ್ತಪರೀಕ್ಷೆ ಮಾಡಿಸಬೇಕು. ಕಬ್ಬಿಣದ ಅಂಶ ಕಡಿಮೆಯಾದವರಲ್ಲಿ ಇದು ಹೆಚ್ಚು.

ಗಂಡಸರಿಗೂ ಒಂದು ಮಾತು. ಒಗ್ಗರಣೆಯ ವಾಸನೆ ಆಗದ ಹೆಂಡತಿಯ ಬದಲು ಎರಡು ತಿಂಗಳು ಒಲೆಯ ಮುಂದೆ ನಿಲ್ಲುವುದು ಕಾಯಕವೇ ಹೊರತು ಅವಮಾನವಲ್ಲ. ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಗಳಿಗೋ ನಗರದ ಕಚೇರಿಗಳಿಗೋ ದಿನವೂ ಹೋಗಿಬರುವ ಹೆಣ್ಣುಮಕ್ಕಳಿಗೆ ಕಾನೂನಿನ ಒಂದು ಆಸರೆಯೂ ಇದೆ. ಹೆರಿಗೆಯ ರಜೆಯಲ್ಲದೆ, ಬಸುರಿನಿಂದಾದ ಕಾಯಿಲೆಗೆ ವೈದ್ಯರ ಪತ್ರದ ಆಧಾರದ ಮೇಲೆ ಒಂದು ತಿಂಗಳವರೆಗೆ ವೇತನಸಹಿತ ರಜೆ ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯಿದೆ ಹೇಳಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದು ಉಳಿದಿದೆ. ಕೆಲಸವನ್ನೇ ಬಿಡಿಸುವ ಮೊದಲು ಈ ರಜೆಯನ್ನು ಕೇಳಿ ನೋಡಿ.

ಆಸ್ಪತ್ರೆಗೆ ಯಾವಾಗ?

ಕೆಳಗಿನ ಲಕ್ಷಣಗಳಲ್ಲಿ ಒಂದು ಕಂಡರೂ “ಮೂರು ತಿಂಗಳು ಕಳೆದರೆ ಸರಿಹೋಗುತ್ತದೆ” ಎಂದು ಕಾಯಬಾರದು.

ಒಂದು ಇಡೀ ದಿನ ಅನ್ನವಾಗಲಿ ನೀರಾಗಲಿ ನಿಲ್ಲದಿರುವುದು. ಎಂಟು ಗಂಟೆಯ ಕಾಲ ಮೂತ್ರವೇ ಆಗದಿರುವುದು, ಇಲ್ಲವೆ ಕಡು ಬಣ್ಣದ ಮೂತ್ರ ಸ್ವಲ್ಪವೇ ಆಗುವುದು. ಎದ್ದು ನಿಂತರೆ ತಲೆ ಸುತ್ತಿ ಬೀಳುವಂತಾಗುವುದು. ವಾಂತಿಯಲ್ಲಿ ರಕ್ತ. ಹೊಟ್ಟೆನೋವು, ಜ್ವರ, ಉರಿಮೂತ್ರ, ಕಣ್ಣು ಹಳದಿಯಾಗುವುದು. ತೂಕ ವಾರದಿಂದ ವಾರಕ್ಕೆ ಇಳಿಯುವುದು. ಮಾತು ತೊದಲುವುದು, ಗೊಂದಲ, ನಡಿಗೆ ತಡವರಿಸುವುದು. ಮೊದಲೆರಡು ತಿಂಗಳು ಏನೂ ಇಲ್ಲದೆ ಅನಂತರ ಹೊಸದಾಗಿ ವಾಂತಿ ಆರಂಭವಾದರೆ ಬೇರೆ ಕಾಯಿಲೆಯಿದೆಯೇ ಎಂದು ನೋಡಬೇಕು. ಐದು ತಿಂಗಳು ತುಂಬಿದ ಮೇಲೆ ವಾಂತಿಯೊಡನೆ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು ಬಂದರೆ ಅದು ರಕ್ತದೊತ್ತಡದ ಅಪಾಯದ ಸೂಚನೆಯಾಗಿರಬಹುದು. ಆಗ ತಕ್ಷಣ ಹೊರಡಬೇಕು.

ಆಸ್ಪತ್ರೆಯಲ್ಲಿ ಮೂತ್ರದಲ್ಲಿ ಕೀಟೋನ್ ಎಂಬ ಅಂಶವಿದೆಯೇ ಎಂದು ನೋಡುತ್ತಾರೆ. ಹಸಿದ ದೇಹ ತನ್ನ ಕೊಬ್ಬನ್ನೇ ಕರಗಿಸುತ್ತಿರುವ ಗುರುತು ಅದು. ಅವಳಿಯೇ, ಗರ್ಭ ಸರಿಯಾಗಿದೆಯೇ ಎಂದು ತಿಳಿಯಲು ಸ್ಕ್ಯಾನ್ ಮಾಡುತ್ತಾರೆ. ವಾರಗಟ್ಟಲೆ ಊಟ ನಿಲ್ಲದಿದ್ದರೆ ಬಿ-1 ಜೀವಸತ್ವ ಬರಿದಾಗಿ ಮೆದುಳಿಗೆ ಅಪಾಯವಾಗುವುದರಿಂದ, ಗ್ಲೂಕೋಸ್ ಏರಿಸುವುದಕ್ಕೆ ಮೊದಲು ಆ ಜೀವಸತ್ವವನ್ನು ಕೊಡಬೇಕಾಗುತ್ತದೆ. ಆದುದರಿಂದಲೇ ಗೊತ್ತಿದ್ದವರನ್ನು ಮನೆಗೆ ಕರೆಸಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಬಿಡುವ ಅಭ್ಯಾಸ ಒಳ್ಳೆಯದಲ್ಲ. ಎಷ್ಟು ದಿನದಿಂದ ಊಟವಿಲ್ಲ ಎಂಬುದನ್ನು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು.

ಮುಟ್ಟು ತಪ್ಪಿದ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ ತಾಯಿ ಕಾರ್ಡ್ ಮಾಡಿಸಿಕೊಂಡರೆ ತೂಕ, ರಕ್ತ, ಮೂತ್ರಗಳ ಲೆಕ್ಕ ಮೊದಲಿನಿಂದಲೇ ಸಿಗುತ್ತದೆ. ತುರ್ತಾದಾಗ 108ಕ್ಕೆ ಕರೆ ಮಾಡಲು ಸಂಕೋಚ ಬೇಡ.

ಕೊನೆಗೆ ನಮ್ಮದೇ ಒಂದು ಮಾತು

ಸೋಲದೇವನಹಳ್ಳಿಯ ಅತ್ತೆಯವರನ್ನು ಇಲ್ಲಿ ದೂರುವ ಅಧಿಕಾರ ನಮಗಿಲ್ಲ. ಏಕೆಂದರೆ ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಹಿರಿಯ ಸೊಸೆ ಬಸುರಿಯಾಗಿ ದಿನವೂ ವಾಂತಿಯಿಂದ ಬಳಲುತ್ತಿದ್ದಾಗ ಅದೇ ಮಾತನ್ನು, ಅದೇ ಧಾಟಿಯಲ್ಲಿ, ನಾವೂ ಆಡಿದ್ದೆವು. ಅವಳು ಎದುರಾಡದೆ ಒಲೆಯ ಮುಂದೆ ನಿಂತಳು. ಅವಳ ಪುಣ್ಯ, ನಮ್ಮ ಪುಣ್ಯ. ತಾಯಿ ಮಗು ಇಬ್ಬರೂ ಕ್ಷೇಮವಾಗಿ ಉಳಿದರು. ಆ ಮಾತು ಮಾತ್ರ ಇಷ್ಟು ವರ್ಷ ನಮ್ಮ ಮನಸ್ಸಿನ ಮೂಲೆಯಲ್ಲಿತ್ತು.

ಗುರುಪ್ರವೇಶದಿಂದ ಹಿಂದಿರುಗಿದ ರಾತ್ರಿ ಅವಳಿಗೆ ದೂರವಾಣಿ ಮಾಡಿ, ನಡೆದುದನ್ನೆಲ್ಲ ಹೇಳಿ, “ಅವತ್ತು ನಾವು ಅಂದದ್ದು ತಪ್ಪಾಯಿತಮ್ಮಾ” ಎಂದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ನಂಗೆ ಆಗ ಒಗ್ಗರಣೆ ವಾಸನೆ ಒಂದು ಆಗ್ತಿರ್ಲಿಲ್ಲ ಅತ್ತೆ” ಎಂದಳು. “ಅಷ್ಟೇ. ಅದನ್ನ ಹೇಳೋಕೂ ಹೆದರಿಕೆ ಆಗ್ತಿತ್ತು.”

ಒಗ್ಗರಣೆಯನ್ನು ಬೇರೆಯವರು ಹಾಕಿದ್ದರೆ ತೀರುತ್ತಿದ್ದ ಸಂಕಟವನ್ನು ಆ ಹುಡುಗಿ ಮೂರು ತಿಂಗಳು ನುಂಗಿಕೊಂಡಿದ್ದಳು. ವಾಂತಿಗೆ ಕಾರಣ ಒಂದು ಹಾರ್ಮೋನಾದರೆ ಆ ಹೆದರಿಕೆಗೆ ಕಾರಣ ನಾವು. ಹಾರ್ಮೋನಿಗೆ ಮದ್ದು ಹುಡುಕುವ ಕೆಲಸವನ್ನು ವಿಜ್ಞಾನಿಗಳು ಆರಂಭಿಸಿದ್ದಾರೆ. ಹೆದರಿಕೆಗೆ ಮದ್ದು ನಮ್ಮ ನಾಲಿಗೆಯಲ್ಲಿಯೇ ಇದೆ. ಮನೆಯಲ್ಲಿ ಬಸುರಿಯಿದ್ದರೆ ಇಂದೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಕೇಳಿರಿ. ಅವಳು ಹೇಳಿದುದನ್ನು ನಂಬಿರಿ.